ಭಾನುವಾರದ ಚರ್ಚೆಗೆ ಮುಂಚೆ ಇದನ್ನೊಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ವಿಷಯ ಕನಿಷ್ಠ ವೇತನ. "ಕೂಲಿ ಏರಿಸಿದರೆ ಕೆಲಸ ಹೋಗುತ್ತದೆ" ಅಂತ ಫಾರ್ವರ್ಡ್ ಮೇಲೆ ಫಾರ್ವರ್ಡ್ ಬರ್ತಿದೆ. ವಿಷಯ ಅಷ್ಟು ಸಲೀಸಲ್ಲ.

ಅಮೆರಿಕದ ನ್ಯೂಜೆರ್ಸಿ 1992ರ ಏಪ್ರಿಲ್‌ನಲ್ಲಿ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಏರಿಕೆಗೆ ಮುಂಚೆ ಮತ್ತು ಆಮೇಲೆ ವಿಚಾರಿಸಿದರು. ಕೆಲಸ ಕಡಿಮೆಯಾದ ಗುರುತು ಸಿಗಲಿಲ್ಲ. ಈ ಲೆಕ್ಕವನ್ನು ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ, ಅವರ ವಾದವನ್ನೂ ಓದಿಕೊಂಡು ಬನ್ನಿ.

ಹೀಗಾಗುವುದು ಹೇಗೆ? ಒಬ್ಬ ಮಾಲೀಕನ ಹತ್ತಿರ 10 ಜನ, ತಲಾ ದಿನಗೂಲಿ 100 ರೂಪಾಯಿ ಅಂದುಕೊಳ್ಳಿ. ಹನ್ನೊಂದನೆಯವರು 110 ಕೊಟ್ಟರೆ ಮಾತ್ರ ಬರುತ್ತಾರೆ. ಹೊಸಬರಿಗೆ 110 ಕೊಟ್ಟರೆ ಹಳಬರು ಸುಮ್ನೆ ಇರ್ತಾರಾ? ಅವರಿಗೂ ತಲಾ 10 ಜಾಸ್ತಿ ಕೊಡಬೇಕು. ಅಲ್ಲಿಗೆ ಒಬ್ಬರನ್ನು ಸೇರಿಸಿಕೊಳ್ಳುವ ಖರ್ಚು 210! ಅವರ ಕೆಲಸದಿಂದ ಅಷ್ಟು ಆದಾಯ ಬರದಿದ್ದರೆ ಆ ಜಾಗ ಖಾಲಿ ಬಿಡುವುದೇ ಲಾಭ. ಕಾನೂನೇ ಎಲ್ಲರಿಗೂ 110 ಅಂದರೆ ಹಳಬರಿಗೆ ಹೇಗೂ ಅಷ್ಟು ಕೊಡಲೇಬೇಕು, ಹನ್ನೊಂದನೆಯವರಿಂದ ಹೆಚ್ಚಾಗುವ ಖರ್ಚು ಬರೀ 110. ಆಗ ಸೇರಿಸಿಕೊಳ್ಳಬಹುದು, ಅಲ್ವಾ?

ಆದರೆ ಇದು ನಡೆಯುವುದು ಕೆಲಸಗಾರರಿಗೆ ಬೇರೆ ಕಡೆ ಹೋಗುವುದು ಕಷ್ಟವಿದ್ದಾಗ ಮಾತ್ರ. ಕೂಲಿಯನ್ನು ಸಿಕ್ಕಾಪಟ್ಟೆ ಏರಿಸಿದರೆ ಕೆಲಸ ಹೋಗುವುದೂ ನಿಜ. ಎಲ್ಲಿಯವರೆಗೆ ಏರಿಸಬಹುದು ಅನ್ನುವುದೇ ನನ್ನ ಪ್ರಕಾರ ಅಸಲಿ ಜಗಳ. ಭಾನುವಾರ ಅದನ್ನೇ ಮಾತಾಡೋಣ.

ಕೆಲಸ ಬಿಡದಂತೆ ಬರೆಸಿಕೊಳ್ಳುವ ಬಾಂಡ್, ಕೆಲಸ ಬಿಡುವ ಮುಂಚಿನ ನೋಟಿಸ್ ಅವಧಿ, ಇವುಗಳ ಮಾತು ಮುಂದಿನ ವಾರಕ್ಕಿರಲಿ. ದಯವಿಟ್ಟು ಯಾರೂ ಸ್ಯಾಲರಿ ಸ್ಲಿಪ್ ಫೋಟೋ ಇಲ್ಲಿ ಹಾಕಬೇಡಿ.