ಅರ್ಥಶಾಸ್ತ್ರ ಉಪನ್ಯಾಸಕರ ಗುಂಪಿಗೆ: ನಿಮ್ಮ ಒಂದು ಪಾಠ ಹಂಚಿಕೊಳ್ಳಿ

ಸರ್, ಮೇಡಂ, ಎಲ್ಲರಿಗೂ ನಮಸ್ಕಾರ.

ಈ ಸಲ ಬೆಂಬಲ ಬೆಲೆಯ ಪಾಠವನ್ನು ರೇಖಾಚಿತ್ರದಿಂದ ಶುರು ಮಾಡಲಿಲ್ಲ. "ಯಾರ ಮನೆಯಲ್ಲಿ ತೊಗರಿ ಬೆಳೆಯುತ್ತೀರಿ?" ಎಂದು ಕೇಳಿದೆ. ಅರ್ಧಕ್ಕಿಂತ ಜಾಸ್ತಿ ಕೈಗಳು ಮೇಲೆದ್ದವು. ಕಲಬುರಗಿ ಅಲ್ವಾ! 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಎಂದು ಬೋರ್ಡಿನ ಮೇಲೆ ಬರೆದೆ. ನಿಮಗೆ ಎಷ್ಟು ಸಿಕ್ಕಿತು? ಸರ್ಕಾರಿ ಖರೀದಿ ಕೇಂದ್ರಕ್ಕೆ ಕೊಟ್ಟಿರಾ, ಅಡತ್ (ದಲ್ಲಾಳಿ) ಅಂಗಡಿಗೆ ಕೊಟ್ಟಿರಾ? ಯಾಕೆ? ಹಿಂದಿನ ಬೆಂಚಿನ ಹುಡುಗಿ ಎದ್ದು, "ಸಾಲ ತೀರಿಸಬೇಕಿತ್ತು, ಕಾಯ್ಲಿಕ್ಕೆ ಆಗಲಿಲ್ರಿ ಸರ್" ಎಂದಳು. ಬೆಂಬಲ ಬೆಲೆ ಇದ್ದರೂ ರೈತ ಕಡಿಮೆಗೆ ಯಾಕೆ ಮಾರುತ್ತಾನೆ ಎಂಬುದಕ್ಕೆ ನಾನು ಬೇರೆ ವಿವರಣೆ ಕೊಡಬೇಕಾಗಲಿಲ್ಲ. ರೇಖಾಚಿತ್ರ ಆಮೇಲೆ ಬರೆದೆ. ಬೇಗ ಅರ್ಥವಾಯಿತು.

ಜೇಡರ ಬಲೆ ಸಿದ್ಧಾಂತಕ್ಕೂ ತೊಗರಿಯೇ ಸಾಕು. ಒಂದು ವರ್ಷ ಬೆಲೆ ಏರಿದರೆ ಮುಂದಿನ ಮುಂಗಾರಿಗೆ ಬಿತ್ತನೆ ಹೆಚ್ಚುತ್ತದೆ. ರಾಶಿಯ ಹೊತ್ತಿಗೆ ಮಾರುಕಟ್ಟೆ ತುಂಬಿ ಬೆಲೆ ಇಳಿಯುತ್ತದೆ.

ನಿಮ್ಮ ತರಗತಿಯಲ್ಲಿ ಕೆಲಸ ಮಾಡಿದ ಒಂದು ವಿಧಾನವನ್ನು ಭಾನುವಾರದೊಳಗೆ ಇಲ್ಲಿ ಹಾಕಿ. ವಾಯ್ಸ್ ಮೆಸೇಜ್ ಆದರೂ ಸರಿ. ಸುಮ್ನೆ ಪಿಡಿಎಫ್ ಫಾರ್ವರ್ಡ್ ಮಾಡಬೇಡಿ, ದಯವಿಟ್ಟು. ಹಣದುಬ್ಬರದ ಪಾಠಕ್ಕೆ ಯಾರಾದರೂ ಒಳ್ಳೆಯ ಚಟುವಟಿಕೆ ಮಾಡಿಸಿದ್ದರೆ ಮೊದಲು ಅದನ್ನೇ ಕಳಿಸಿ. ಮುಂದಿನ ವಾರ ನನಗೆ ಬೇಕು.