ನಿನ್ನ ಹುಡುಗನ ಮನೆ ಯಾವ ಓಣಿಯಲ್ಲಿದೆ?

ಪ್ರೀತಿಯ ಗೆಳೆಯಾ,

ನಿನ್ನ ಸಿನಿಮಾಕ್ಕೆ ಅಂತ ಬರೆದು ಕಳಿಸಿದ ಕಾಲೇಜು ಪ್ರೇಮಕಥೆಯನ್ನು ಒಂದೇ ಪಟ್ಟಿಗೆ ಕೂತು ಓದಿದೆ. ಮಾತುಗಳು ಚೆನ್ನಾಗಿವೆ. ಬಸ್‌ಸ್ಟ್ಯಾಂಡಿನ ದೃಶ್ಯವಂತೂ ತುಂಬಾ ಹಿಡಿಸಿತು. ಆದರೆ ಹುಡುಗ ಬಡವ, ಹುಡುಗಿ ಶ್ರೀಮಂತೆ, ಅಷ್ಟೇನಾ? ಕಥೆ ನಡೆಯೋದು ಸಿಂಧನೂರಿನ ಪಕ್ಕದ ಹಳ್ಳಿಯಲ್ಲಿ ಅಂತ ನೀನೇ ಬರೆದಿದ್ದೀಯ. ಅಲ್ಲಿ ಹುಡುಗನ ಮನೆ ಯಾವ ಓಣಿಯಲ್ಲಿದೆ, ಅಂದ್ರೆ ಅವನದು ಯಾವ ಜಾತಿ ಅಂತ ವಿಚಾರಿಸದೆ ಯಾವ ಅಪ್ಪ ಸುಮ್ನಿರ್ತಾನೆ ಹೇಳು? ಬಡವ-ಶ್ರೀಮಂತ ಅಂದು ಜಾತಿಯನ್ನು ಪಕ್ಕಕ್ಕಿಡೋದನ್ನ ನಮ್ಮ ಸಿನಿಮಾಗಳು ಬಹಳ ಕಾಲದಿಂದ ಮಾಡಿಕೊಂಡು ಬಂದಿವೆ. ನೀನೂ ಅದನ್ನೇ ಮಾಡಬೇಡ ಕಣೋ.

ನಾಗರಾಜ್ ಮಂಜುಳೆಯವರ ಮರಾಠಿ ಸಿನಿಮಾ 'ಸೈರಾಟ್' ಇನ್ನೊಂದ್ಸಲ ನೋಡು. 2016ರದ್ದು. ಅವರು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಕರಮಾಳಾ ಕಡೆಯವರು, ಚಿತ್ರ ತೆಗೆದದ್ದೂ ಅದೇ ಸೀಮೆಯಲ್ಲಿ. ನಾಯಕ ಪರಶ್ಯಾ ಮೀನು ಹಿಡಿಯುವ ಕೆಳಜಾತಿಯವರ ಮಗ, ನಾಯಕಿ ಆರ್ಚಿ ಊರಾಳುವ ಮೇಲ್ಜಾತಿಯ ಪಾಟೀಲರ ಮಗಳು. ಕ್ಲಾಸಿನಲ್ಲಿ ಫೋನಲ್ಲಿ ಮಾತಾಡ್ತಿದ್ದುದನ್ನು ಪ್ರಶ್ನಿಸಿದ ಮೇಷ್ಟ್ರ ಕೆನ್ನೆಗೆ ಆ ಪಾಟೀಲರ ಮಗ ಬಾರಿಸುತ್ತಾನೆ. ಇಡೀ ಕ್ಲಾಸು ನೋಡುತ್ತಾ ಕೂತಿರುತ್ತೆ. ಊರಲ್ಲಿ ಯಾರ ಕೈ ಮೇಲು ಅನ್ನೋದಕ್ಕೆ ಬೇರೆ ಭಾಷಣವೇ ಬೇಕಾಗಿಲ್ಲ.

ಆರ್ಚಿಯಾದ ರಿಂಕು ರಾಜಗುರು ಅಕ್ಲೂಜಿನ ಶಾಲೆಗೆ ಹೋಗುತ್ತಿದ್ದ ಹುಡುಗಿ. ಅದೇ ಅವಳ ಮೊದಲ ಸಿನಿಮಾ. ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ಓಡಿಸುತ್ತಾಳೆ, ಹುಡುಗರನ್ನು ಗದರಿಸುತ್ತಾಳೆ. ಬಿಸಿಲು ಕಂಡ ಮುಖ ಅವಳದು. ಆ ಗತ್ತಿನ ಹಿಂದೆ ಅಪ್ಪನ ದರ್ಬಾರಿದೆ ಅನ್ನೋದನ್ನೂ ಸಿನಿಮಾ ಮುಚ್ಚಿಡಲ್ಲ. ಇಬ್ಬರೂ ಹೈದರಾಬಾದಿಗೆ ಓಡಿಹೋದ ಮೇಲೆ ಅದೆಲ್ಲ ಇಳಿದುಹೋಗುತ್ತೆ. ಕೊಳೆಗೇರಿಯ ನಾತ, ಬಾರದ ಅಡುಗೆ, ಮನೆಯ ನೆನಪು. ದೋಸೆ ಹುಯ್ದು ದುಡಿಯುವ ಪರಶ್ಯಾ ಅನುಮಾನಪಟ್ಟು ಅವಳ ಮೇಲೆ ಕೈ ಮಾಡುತ್ತಾನೆ. ನೋಡೋಕೆ ಸಂಕಟವಾಗುತ್ತೆ. ಆದರೆ ಕೆಳಜಾತಿಯ ಹುಡುಗನನ್ನು ದೇವರ ಥರ ಕೂರಿಸದೆ, ತಪ್ಪು ಮಾಡುವ ಮನುಷ್ಯನಾಗಿಯೇ ತೋರಿಸಿದ್ದಾರಲ್ಲ, ನನಗೆ ಅದರ ಮೇಲೇ ಗೌರವ ಜಾಸ್ತಿ.

ಮರುವರ್ಷ ಎಸ್. ನಾರಾಯಣ್ ಇದನ್ನೇ 'ಮನಸು ಮಲ್ಲಿಗೆ' ಅಂತ ಕನ್ನಡಕ್ಕೆ ತಂದರು, ರಿಂಕುವೇ ನಾಯಕಿ. 2018ರಲ್ಲಿ ಹಿಂದಿಯ 'ಧಡಕ್' ಬಂತು. ಕಥೆ ಉದಯಪುರಕ್ಕೆ ಹೋಯ್ತು, ಹುಡುಗನ ಮನೆಯವರದು ಹೋಟೆಲಾಯ್ತು, ಜಾತಿ ಬಂದಷ್ಟೇ ಬೇಗ ಮರೆಯಾಯ್ತು. ಆ ಹುಡುಗ-ಹುಡುಗಿಯನ್ನು ಯಾಕೆ ಅಟ್ಟಿಸಿಕೊಂಡು ಬರ್ತಿದ್ದಾರೆ ಅನ್ನೋದೇ ಮಸುಕಾಗಿಬಿಟ್ಟಿತು.

ಇನ್ನೊಂದು ಮಾತು. ನಿನ್ನ ಕಥೆಯಲ್ಲಿ ಕುಂಟುತ್ತಾ ನಡೆಯುವ ಗೆಳೆಯ ಬರೀ ನಗಿಸೋಕೆ ಬರ್ತಾನೆ. ಸೈರಾಟ್‌ನಲ್ಲೂ ಅಂಥ ಗೆಳೆಯನಿದ್ದಾನೆ, ತಾನಾಜಿ ಗಲಗುಂಡೆ ಮಾಡಿದ ಪಾತ್ರ. ಅವನೂ ನಗಿಸುತ್ತಾನೆ. ಆದರೆ ಅವನಿಗೂ ಒಬ್ಬಳ ಮೇಲೆ ಮನಸ್ಸಾಗುತ್ತೆ. ನಿನ್ನವನಿಗೂ ಯಾರಾದರೂ ಇಷ್ಟವಾಗಲಿ ಬಿಡು. ಆಮೇಲೆ 'ಬೆಣ್ಣೆಯಂಥ ಬಿಳಿ ಹುಡುಗಿ' ಅಂತ ಬರೆದಿದ್ದೀಯಲ್ಲ, ದಯವಿಟ್ಟು ಹೊಡೆದುಹಾಕು. ಆ ಬಿಸಿಲಲ್ಲಿ ಬೆಳೆದವಳು ಕಪ್ಪಗಿದ್ದರೆ ಅವಳನ್ನು ಪ್ರೀತಿಸೋಕೆ ಅವನಿಗೇನು ಕಷ್ಟ?

ಆಡಿಷನ್ ಬೆಂಗಳೂರಿನಲ್ಲಷ್ಟೇ ಇಡಬೇಡ. ಸಿಂಧನೂರು, ಮಾನ್ವಿ, ಲಿಂಗಸುಗೂರಿನ ಕಾಲೇಜುಗಳಿಗೆ ಹೋಗು. ಮಾತು ಅವರ ಬಾಯಲ್ಲಿ ಹೇಗೆ ಬರುತ್ತೋ ಹಾಗೇ ಇರಲಿ, ಬೇರೆಯವರಿಂದ ಡಬ್ ಮಾಡಿಸಬೇಡ. ತಿದ್ದಿದ ಮೇಲೆ ಮತ್ತೆ ಕಳಿಸು, ಕಾಯ್ತಿರ್ತೀನಿ.

ಇಂತಿ ನಿನ್ನ
ಗೆಳೆಯ