ನೀನು ಕಳಿಸಿದ ವಿಡಿಯೋ ನೋಡಿದೆ, ದೋಸ್ತಾ

ದೋಸ್ತಾ,

ಮೊನ್ನೆ ರಾತ್ರಿ ನೀನು ಕಳಿಸಿದ, ಅಮೆರಿಕದ ಲೇಖಕ ಚಾರ್ಲ್ಸ್ ಮರ್ರೆಯ ವಿಡಿಯೋ ಪೂರ್ತಿ ನೋಡಿದೆ, ಜನಾಂಗಗಳ ನಡುವಿನ ಬುದ್ಧಿಯ ಅಂತರಕ್ಕೆ ಹುಟ್ಟುಗುಣವೂ ಕಾರಣ ಅನ್ನುವ ವಾದ. ಕೆಳಗೆ 'ಯಾರೂ ಹೇಳದ ಸತ್ಯ ಹೇಳ್ತಾನ ನೋಡು' ಅಂತ ಬೇರೆ ಬರೆದಿದ್ದೀಯ. ಫೋನಿನಲ್ಲಿ ಮಾತಾಡಿದರೆ ಜಗಳ ಆಗುತ್ತದೆ, ನಮ್ಮಿಬ್ಬರ ದನಿ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅವನ ಕಡೆಯ ನ್ಯಾಯ ಹೇಳಿಬಿಡುತ್ತೇನೆ. ಅವನು ಬಾಯಿಗೆ ಬಂದದ್ದು ಒದರುವ ಮನುಷ್ಯ ಅಲ್ಲ. 1994ರಲ್ಲಿ ಹಾರ್ವರ್ಡಿನ ರಿಚರ್ಡ್ ಹರ್ನ್‌ಸ್ಟೀನ್ ಜೊತೆ ಸೇರಿ ಬರೆದ 'ದಿ ಬೆಲ್ ಕರ್ವ್' 800 ಪುಟ ದಾಟುತ್ತದೆ, ಅದರಲ್ಲಿ ಜನಾಂಗದ ಮಾತು ಸ್ವಲ್ಪವೇ. ಅಮೆರಿಕದ ಐಕ್ಯೂ, ಅಂದರೆ ಬುದ್ಧಿ ಅಳೆಯುವ ಪರೀಕ್ಷೆಗಳಲ್ಲಿ ಕರಿಯರ ಸರಾಸರಿ ಬಿಳಿಯರಿಗಿಂತ ಸುಮಾರು 15 ಅಂಕ ಕಡಿಮೆ ಬರುತ್ತಿತ್ತು ಅನ್ನುವುದೂ ಅವನು ಹುಟ್ಟಿಸಿದ ಸುಳ್ಳಲ್ಲ. 2017ರಲ್ಲಿ ಮಿಡಲ್‌ಬರಿ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕೂಗಾಡಿ ಅವನಿಗೆ ಭಾಷಣ ಮಾಡಲು ಬಿಡಲಿಲ್ಲ, ಗಲಾಟೆಯಲ್ಲಿ ಅವನನ್ನು ಪ್ರಶ್ನೆ ಕೇಳಲೆಂದು ಬಂದಿದ್ದ ಪ್ರೊಫೆಸರ್ ಒಬ್ಬರಿಗೇ ಪೆಟ್ಟಾಯಿತು. ನನಗೆ ಅದು ಸರಿ ಕಾಣಲಿಲ್ಲ. ಹಾಗೆ ಕೂಗಿ ಬಾಯಿ ಮುಚ್ಚಿಸಿದರೆ ನಿನ್ನಂಥವರು 'ಉತ್ತರ ಇಲ್ಲ, ಅದಕ್ಕೇ ಕೂಗ್ತಾರೆ' ಅಂತೀರಿ.

ಉತ್ತರ ಇದೆ. ಜೇವರ್ಗಿ ಕಡೆಯ ನಮ್ಮ ಹೊಲದಲ್ಲೇ ಇದೆ.

ಅಪ್ಪ ಒಂದು ವರ್ಷ ಒಂದೇ ಚೀಲದ ಟಿಎಸ್-3ಆರ್ ತಳಿಯ ತೊಗರಿಯನ್ನು ಕಪ್ಪು ಮಣ್ಣಿನ ಎರಿ ಹೊಲಕ್ಕೂ ಗುಡ್ಡದ ಬುಡದ ಕಲ್ಲುಮಣ್ಣಿನ ಮರಡಿ ಹೊಲಕ್ಕೂ ಬಿತ್ತಿದ್ದು ನೆನಪಿದೆಯಾ? ರಾಶಿಗೆ ನೀನೂ ಬಂದಿದ್ದೆ. ಎರಿಯಲ್ಲಿ ಎದೆಮಟ್ಟ ಬಂತು, ಮರಡಿಯಲ್ಲಿ ಮೊಣಕಾಲು ದಾಟಲಿಲ್ಲ. ಒಂದೇ ಹೊಲದೊಳಗೆ ಒಂದು ಗಿಡ ಎತ್ತರ, ಪಕ್ಕದ್ದು ಗಿಡ್ಡ ಅಂದರೆ ಬೀಜದ ಗುಣ ಅನ್ನಬಹುದು, ಎರಡಕ್ಕೂ ಮಣ್ಣು ನೀರು ಒಂದೇ ಅಲ್ವಾ. ಆದರೆ ಎರಿಗೂ ಮರಡಿಗೂ ಇರುವ ಅಂತರಕ್ಕೆ ಬೀಜವನ್ನು ಬೈಯಲು ಬರುತ್ತದಾ? ರಿಚರ್ಡ್ ಲೆವಾಂಟಿನ್ ಅನ್ನುವ ಜೀವವಿಜ್ಞಾನಿ 1970ರಲ್ಲೇ ಈ ಉದಾಹರಣೆ ಕೊಟ್ಟಿದ್ದ, ಅವನದು ಮೆಕ್ಕೆಜೋಳ, ನಂದು ತೊಗರಿ. ಮರ್ರೆಗೆ ಇದು ಗೊತ್ತಿಲ್ಲ ಅಂತಲ್ಲ. ಪುಸ್ತಕದಲ್ಲಿ ಒಪ್ಪುತ್ತಾನೆ. ಒಪ್ಪಿ, ಆಮೇಲೆ ಜನಾಂಗಗಳ ಅಂತರಕ್ಕೆ ಬೀಜವೂ (ಹುಟ್ಟುಗುಣ) ಕಾರಣ, ಮಣ್ಣೂ (ಬೆಳೆದ ಪರಿಸರ) ಕಾರಣ ಇರಬೇಕು ಅಂತ ಹೇಳಿ, ಯಾವುದು ಎಷ್ಟು ಅಂತ ಹೇಳದೆ ಜಾರಿಕೊಳ್ಳುತ್ತಾನೆ. ಖಾಲಿ ಬಿಟ್ಟ ಜಾಗವನ್ನು ಓದುವವನು ತನಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತಾನೆ, ನೀನು ತುಂಬಿಕೊಂಡೆಯಲ್ಲ ಹಾಗೆ.

ಇನ್ನೊಂದು. ಹಲವು ದೇಶಗಳಲ್ಲಿ ಐಕ್ಯೂ ಅಂಕ ಹತ್ತು ವರ್ಷಕ್ಕೆ ಸುಮಾರು 3ರಂತೆ ಏರಿದೆ ಅಂತ ಜೇಮ್ಸ್ ಫ್ಲಿನ್ ಅನ್ನುವ ಸಂಶೋಧಕ ತೋರಿಸಿದ. ಅದಕ್ಕೆ 'ಫ್ಲಿನ್ ಎಫೆಕ್ಟ್' ಅಂತ ಹೆಸರಿಟ್ಟದ್ದು ಇದೇ ಬೆಲ್ ಕರ್ವ್, ತಮಾಷೆ ನೋಡು. ಅಂದರೆ 50 ವರ್ಷಕ್ಕೆ 15 ಅಂಕ. ಅಜ್ಜನಿಂದ ಮೊಮ್ಮಗನಿಗೆ ಬರುವಷ್ಟರಲ್ಲಿ ರಕ್ತ ಬದಲಾಯ್ತಾ?

ಈಗ ನಿನಗೆ ಚುಚ್ಚುವ ಮಾತು. ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ನಿನ್ನ ಜೊತೆಯವನೊಬ್ಬ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿ ತೋರಿಸಿ 'ನಿಮ್ಮ ಕಡೆಯವರ ತಲೇನೇ ಅಷ್ಟು' ಅಂದಿದ್ದ. ಅವತ್ತು ರಾತ್ರಿ ನನಗೆ ಫೋನ್ ಮಾಡಿ ಒಂದು ತಾಸು ಅವನನ್ನು ಬೈದೆ. ಅಂಕಿ ಅವತ್ತೂ ಸುಳ್ಳಿರಲಿಲ್ಲ, ಈಗಲೂ ಸುಳ್ಳಲ್ಲ: 2025ರಲ್ಲಿ ದಕ್ಷಿಣ ಕನ್ನಡ ಶೇ. 91, ನಮ್ಮ ಕಲಬುರಗಿ ಶೇ. 42, ಎಲ್ಲರಿಗಿಂತ ಕೊನೆಗೆ. ಯಾದಗಿರಿಯದು ಇನ್ನೂ ಚೆಂದ. 2023ರಲ್ಲಿ ಶೇ. 75 ಇದ್ದದ್ದು, ಪರೀಕ್ಷೆ ಕೋಣೆಗೆ ಕ್ಯಾಮೆರಾ ಬಂದ 2024ರಲ್ಲಿ ಶೇ. 50ಕ್ಕೆ ಬಿತ್ತು. ಹೌದು, ಕಾಪಿ ನಡೆಯುತ್ತಿತ್ತು, ಮುಚ್ಚಿಡುವುದೇನಿದೆ. ಆದರೆ ಒಂದೇ ವರ್ಷದಲ್ಲಿ ಮಕ್ಕಳ ಮಿದುಳು ಬದಲಾಗಲಿಲ್ಲ ಅಲ್ವಾ. ಅವತ್ತು ರಾತ್ರಿ ನೀನೇ ಕಾರಣಗಳ ಪಟ್ಟಿ ಹೇಳಿದ್ದೆ: ಶಾಲೆಯಲ್ಲಿ ಮೇಷ್ಟ್ರಿಲ್ಲ, ಅಪ್ಪ ಅಮ್ಮ ಗುಳೆ ಹೋದರೆ ಮಕ್ಕಳೂ ಮುಂಬೈಗೆ, 1948ರ ತನಕ ನಿಜಾಮನ ಕೈಯಲ್ಲಿದ್ದೆವು, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬರೋಕೆ ಇನ್ನೂ ಅರವತ್ತಕ್ಕೂ ಜಾಸ್ತಿ ವರ್ಷ ಕಾಯಬೇಕಾಯ್ತು. ಎಲ್ಲಾ ಸರಿ. ಹಾಗಾದರೆ 1865ರವರೆಗೆ ಗುಲಾಮರಾಗಿದ್ದವರಿಗೆ, ಅಮೆರಿಕದ ಸುಪ್ರೀಂ ಕೋರ್ಟಿನ 1954ರ ತೀರ್ಪಿನ ತನಕ ಎಷ್ಟೋ ರಾಜ್ಯಗಳಲ್ಲಿ ಕಾನೂನಿನ ಪ್ರಕಾರವೇ ಬೇರೆ ಶಾಲೆಗೆ ಹೋಗಬೇಕಾಗಿದ್ದ ಕರಿಯರಿಗೆ ನಿನ್ನ ಪಟ್ಟಿ ಯಾಕೆ ಅನ್ವಯಿಸುವುದಿಲ್ಲ? ನಮಗೆ ಮಣ್ಣಿನ ಲೆಕ್ಕ, ಅವರಿಗೆ ಬೀಜದ ಲೆಕ್ಕವಾ?

'ಒಬ್ಬೊಬ್ಬರನ್ನೂ ಅವರವರ ಯೋಗ್ಯತೆ ಮೇಲೆ ನೋಡಿ ಅಂತಲೂ ಮರ್ರೆ ಹೇಳ್ತಾನಲ್ಲ' ಅಂತೀಯ. ಹೇಳುತ್ತಾನೆ. ಪಟ್ಟಿ ತೋರಿಸಿದ ಆ ಮನುಷ್ಯನೂ ಕೊನೆಗೆ ನಿನ್ನ ಭುಜ ತಟ್ಟಿ 'ನೀನು ಬಿಡಪ್ಪ, ನೀನು ಬೇರೆ' ಅಂದಿದ್ದ. ಆ ಮಾತಿಗೇ ನಿನಗೆ ಜಾಸ್ತಿ ಸಿಟ್ಟು ಬಂದಿತ್ತು.

ಮರ್ರೆ ವಿಜ್ಞಾನಿ ಮಾತ್ರ ಅಂದುಕೊಳ್ಳಬೇಡ. 1984ರಲ್ಲೇ, ದುಡಿಯುವ ವಯಸ್ಸಿನ ಬಡವರಿಗೆ ಕೊಡುವ ಸರ್ಕಾರಿ ನೆರವು ನಿಲ್ಲಿಸಬೇಕು ಅಂತ ಪುಸ್ತಕ ಬರೆದಿದ್ದ. ಹತ್ತು ವರ್ಷ ಆದಮೇಲೆ ಬಂದ ಪುಸ್ತಕವನ್ನು ಅದರ ಪಕ್ಕದಲ್ಲಿಟ್ಟು ಓದು.

ದೀಪಾವಳಿಗೆ ಬಂದಾಗ ಬೀದರಿಗೆ ಹೋಗೋಣ. ಶಾಲೆಯಿಂದ ಹೋದಾಗ ಕೋಟೆ, ಗವಾನ್ ಮದರಸಾ ತೋರಿಸಿ ವಾಪಸ್ ಕರೆತಂದರು, ಹಬಶಿ ಕೋಟ್ ಕಡೆ ಕರೆದುಕೊಂಡು ಹೋಗಲೇ ಇಲ್ಲ. ಆಫ್ರಿಕದಿಂದ ಬಂದು, ಎಷ್ಟೋ ಮಂದಿ ಗುಲಾಮರಾಗಿಯೇ ಬಂದು, ಬಹಮನಿ ದರ್ಬಾರಿನಲ್ಲಿ ಸರದಾರರಾದವರ ಗೋರಿಗಳು ಅಲ್ಲಿವೆ. ಅಲ್ಲೇ ಕೂತು ಜಗಳ ಆಡೋಣ. ಬರುವಷ್ಟರಲ್ಲಿ 'ಬೆಲ್ ಕರ್ವ್' ಪುಸ್ತಕದಲ್ಲಿ ಜನಾಂಗದ ಮಾತು ಬರುವ 13ನೇ ಅಧ್ಯಾಯವನ್ನಾದರೂ ಓದಿಕೊಂಡು ಬಾ, ವಿಡಿಯೋ ನೋಡಿ ಬಂದರೆ ನಾನು ಮಾತಾಡುವುದಿಲ್ಲ.

ನಿನ್ನ ದೋಸ್ತ